ಎಣ್ಣೆ ಬೇಕಿದ್ದ ಕ್ಲಚ್ಚು

ನನ್ನ ಅಪ್ಪ ಜಂಬದ ಮನುಷ್ಯ. ಮಗಳು ಅವನಿಗಿಂತ ಒಂದು ಕೈ ಮೇಲು ಎಂದು ನನ್ನ ಯಜಮಾನರು ಹೇಳುತ್ತಾರೆ, ಹೇಳಲಿ, ಸುಳ್ಳೇನಲ್ಲ. ಎಂಬತ್ತನಾಲ್ಕು ದಾಟಿದ ಅಪ್ಪ ಈಗಲೂ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟೇ ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಾನೆ. ಸಂಜೆ ಅದರ ಮೇಲೆ ಎಣ್ಣೆಯ ಕಲೆ ಕಂಡರೆ ಅವನಿಗೆ ಊಟ ಸೇರುವುದಿಲ್ಲ. ಹುಬ್ಬಳ್ಳಿಯಿಂದ ಇಪ್ಪತ್ತರ ವಯಸ್ಸಿನಲ್ಲಿ ನಾಗಪುರಕ್ಕೆ ಬಂದು, ಮೊದಲು ಒಂದು ಗ್ಯಾರೇಜಿನಲ್ಲಿ ಮಿಸ್ತ್ರಿಯಾಗಿ, ಆಮೇಲೆ ರೈಲ್ವೆಯಲ್ಲಿ ಫಿಟ್ಟರ್ ಆಗಿ ದುಡಿದವನು. ನಿವೃತ್ತಿಯ ಮೇಲೆ ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಕುಳಿತು, ಬೇರೆ ಯಾರೂ ಕೈ ಹಾಕದ ಹಳೆಯ ಗಾಡಿಗಳನ್ನು ರಿಪೇರಿ ಮಾಡುತ್ತಾನೆ. ಅವನ ಒಂದು ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ.

"ನನ್ನ ಕೈಯಾಗಿಂದ ಹೋದ ಗಾಡಿ ಅದ ರೋಗಕ್ಕ ತಿರುಗಿ ಬಂದಿಲ್ಲ."

ಮೂವತ್ತು ವರ್ಷ ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದ ನಾನು ಈ ಮಾತನ್ನು ಮರಾಠಿಗೆ ತಿರುಗಿಸಿ ಎಷ್ಟು ಬ್ಯಾಚಿನ ಮಕ್ಕಳ ತಲೆಗೆ ತುಂಬಿದ್ದೇನೋ. ಟೆಸ್ಟ್ ಟ್ಯೂಬ್ ಒಡೆದವರಿಗೆ, ಪಕ್ಕದವರ ರೀಡಿಂಗ್ ನೋಡಿ ಬರೆದವರಿಗೆ, ಎಲ್ಲರಿಗೂ ನನ್ನ ಅಪ್ಪನ ಉದಾಹರಣೆ. ಹಾಗಾಗಿ ಕಳೆದ ಮಳೆಗಾಲದಲ್ಲಿ ಆ ಮಾತು ಸುಳ್ಳಾದಾಗ ಪೆಟ್ಟು ಇಬ್ಬರಿಗೂ ಬಿತ್ತು.

ಸುಳ್ಳು ಮಾಡಿದ್ದು ಒಂದು ಕಾರು. ಅಮೆರಿಕದ್ದು, ಮಹಾಯುದ್ಧಕ್ಕೂ ಮುಂಚಿನದು, ಅಪ್ಪನಿಗಿಂತ ವಯಸ್ಸಿನಲ್ಲಿ ಹಿರಿಯದು. ಅದನ್ನು ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿದೆ. ನಮ್ಮ ಮನೆಯಲ್ಲಿ ಅದಕ್ಕೆ ಕಂಪನಿಯ ಹೆಸರು ಬೇಕೂ ಇರಲಿಲ್ಲ, 'ಹಸಿರು ಗಾಡಿ' ಎಂದರೆ ಸಾಕಿತ್ತು. ಹಗುರಾದ ಮೈಗೆ ಒಂದೇ ಸಾಲಿನಲ್ಲಿ ಎಂಟು ಸಿಲಿಂಡರುಗಳ ಎಂಜಿನ್ ಕೂರಿಸಿದ್ದರು. ಅಂದಿನ ದಿನಗಳಲ್ಲಿ ಅಂಗಡಿಗೆ ಹೋಗಿ ಕೊಂಡು ತರಬಹುದಾಗಿದ್ದ ಕಾರುಗಳಲ್ಲಿ, ತೂಕಕ್ಕೆ ಶಕ್ತಿಯನ್ನು ಹೋಲಿಸಿ ನೋಡಿದರೆ, ಅದನ್ನು ಮೀರಿಸಿದ್ದು ಇರಲೇ ಇಲ್ಲ ಎಂದು ಅಪ್ಪನ ವಾದ. "ದೊಡ್ಡ ಸಾಹೇಬರ ದೊಡ್ಡ ಗಾಡಿ ಇನ್ನೂ ಉಸಿರ ಎಳ್ಕೊಳ್ಳಾಕತ್ತಿರತಾವ, ಇದು ಕಾಮಠಿ ಮುಟ್ಟಿರತೈತಿ" ಎಂದು ಹೇಳುವಾಗ ಆ ಗಾಡಿಯನ್ನು ಅವನೇ ಹೆತ್ತು ಬೆಳೆಸಿದ ಹಾಗೆ ಮುಖ ಅರಳುತ್ತಿತ್ತು.

ಗಾಡಿಯ ಮಾಲೀಕರು ಕಟ್ಟಿಗೆ ವ್ಯಾಪಾರದ ಒಬ್ಬ ಸಾಹುಕಾರರು. ಓಡಿಸುತ್ತಿದ್ದವರು ನಾಗಪುರದ ಪಕ್ಕದ ಊರು ಕಾಮಠಿಯ ಒಬ್ಬ ಡ್ರೈವರ್. ಕಾಮಠಿ ರಸ್ತೆಯಲ್ಲಿ ಪಕ್ಕದ ಹಳಿಯ ಮೇಲೆ ಪ್ಯಾಸೆಂಜರ್ ರೈಲು ಬಂದರೆ ಅದನ್ನು ಹಿಂದೆ ಹಾಕದೆ ಬಿಡುತ್ತಿರಲಿಲ್ಲವಂತೆ. ನನಗಾಗ ಒಂಬತ್ತು ವರ್ಷ. ಅಪ್ಪ ಆ ಎಂಜಿನ್ನು ಟ್ಯೂನ್ ಮಾಡಿದ ಒಂದು ಭಾನುವಾರ ನನ್ನನ್ನೂ ಗ್ಯಾರೇಜಿಗೆ ಕರೆದೊಯ್ದಿದ್ದ. ಟ್ರಯಲ್ ನೋಡಲು ಹೊರಟ ಡ್ರೈವರ್ ನನ್ನನ್ನು ತಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು. ಬಿಳಿ ಯೂನಿಫಾರಂ, ಮುಖ ಕಾಣುವಷ್ಟು ಹೊಳೆಯುವ ಕರಿ ಬೂಟು. ನನ್ನ ತಲೆ ಕಿಟಕಿಯ ಎತ್ತರಕ್ಕೂ ಬರುತ್ತಿರಲಿಲ್ಲ. ಹಾಗಾಗಿ ಆ ಸವಾರಿಯಲ್ಲಿ ನಾನು ಕಂಡದ್ದು ರಸ್ತೆಯನ್ನಲ್ಲ, ಅವರ ಬೂಟುಗಳನ್ನು. ಗೇರು ಬಿದ್ದ ಕೂಡಲೇ ಅವರು ಎಡಗಾಲನ್ನು ಕ್ಲಚ್ ಪೆಡಲಿನಿಂದ ತೆಗೆದು, ಹಿಂದಕ್ಕೆಳೆದು, ಸೀಟಿನ ಬುಡಕ್ಕೆ ಸೇರಿಸಿ ಇಡುತ್ತಿದ್ದರು. ಮತ್ತೆ ಗೇರು ಬದಲಿಸುವಾಗ ಮಾತ್ರ ಅದು ಮುಂದೆ ಬರುತ್ತಿತ್ತು. ಬಲಗಾಲಿಗೆ ಎಲ್ಲ ಕೆಲಸ, ಎಡಗಾಲಿಗೆ ಬರೀ ಆರಾಮ ಎಂದು ನಾನು ಮನೆಗೆ ಬಂದು ಅವ್ವನಿಗೆ ವರದಿ ಒಪ್ಪಿಸಿದ್ದೆ.

ಅದಾಗಿ ಕೆಲವು ತಿಂಗಳಿಗೆ ಹಸಿರು ಗಾಡಿ ನಿಂತುಹೋಯಿತು. ಸಾಹುಕಾರರ ಮನೆಮಂದಿಯನ್ನು ಕೂರಿಸಿಕೊಂಡು ರಾಮಟೇಕ್ ಗುಡ್ಡ ಹತ್ತುವಾಗ ಕ್ಲಚ್ಚು ಸುಟ್ಟು ಹೊಗೆ ಎದ್ದಿತು. ಡ್ರೈವರ್ ಕ್ಲಚ್ಚಿನ ಮೇಲೆ ಕಾಲು ಊರಿಕೊಂಡೇ ಗಾಡಿ ಓಡಿಸಿ ಸುಟ್ಟುಹಾಕಿದ ಎಂಬ ಮಾತು ಎಲ್ಲ ಕಡೆ ಹರಡಿತು. ಅವರ ಕೆಲಸ ಹೋಯಿತು. ವಿದೇಶದ ಬಿಡಿಭಾಗ ಸಿಗದ ಕಾಲ. ಸಾಹುಕಾರರು ಗಾಡಿಯನ್ನು ಬಂಗಲೆಯ ಹಿಂದಿನ ಶೆಡ್ಡಿಗೆ ತಳ್ಳಿಸಿ ಒಂದು ದೇಶಿ ಕಾರು ಕೊಂಡರು. ಅದೇ ಸುಮಾರಿಗೆ ಅಪ್ಪ ರೈಲ್ವೆ ಸೇರಿದ. ಡ್ರೈವರ್ ಸುಟ್ಟರು ಎಂಬುದನ್ನು ನಮ್ಮ ಮನೆಯಲ್ಲೂ ನಂಬಿದ್ದೆವು, ಅಪ್ಪನೂ ನಂಬಿದ್ದ.

ಕಳೆದ ಜುಲೈಯಲ್ಲಿ ಸಾಹುಕಾರರ ಮೊಮ್ಮಗ ನಮ್ಮ ಮನೆಗೆ ಬಂದರು. ರಾಮದಾಸಪೇಠಿನಲ್ಲಿ ಹೋಟೆಲು ನಡೆಸುವ ನಲವತ್ತರ ಮನುಷ್ಯ, ಒಳ್ಳೆಯವರು, ಆದರೆ ಸದಾ ಗಡಿಬಿಡಿ. ಚಳಿಗಾಲದಲ್ಲಿ ಹಳೆಯ ಕಾರುಗಳ ಮೆರವಣಿಗೆ ಇದೆ, ಅಜ್ಜನ ಗಾಡಿಯನ್ನು ಅದರಲ್ಲಿ ಓಡಿಸಬೇಕು ಎಂದು ಅವರ ಆಸೆ. ಒಂದು ಲಾರಿಯ ಮೇಲೆ ಹೇರಿಕೊಂಡೇ ಬಂದಿದ್ದರು.

"ಕಾಕಾ, ಗಾಡಿ ಚಾಲೂ ಹೋಯಿಲ್ ಕಾ?" ಗಾಡಿ ಶುರುವಾದೀತೇ ಎಂದು ಮರಾಠಿಯಲ್ಲಿ ಕೇಳಿದರು.

ಅಪ್ಪ ಲಾರಿಯ ಸುತ್ತ ಒಂದು ಸುತ್ತು ಹಾಕಿದ. ಧೂಳಿನ ಕೆಳಗೆ ಹಸಿರು ಬಣ್ಣ ಇನ್ನೂ ಇತ್ತು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ನನ್ನ ಕಡೆ ತಿರುಗಿ, "ಇದರದು ಎದಿ ಗಟ್ಟಿ ಐತಿ. ಬರೇ ನಿದ್ದಿ ಮಾಡಾಕತ್ತೈತಿ" ಎಂದ.

ಎಂಜಿನ್ನು ಬಿಡಿಸಲು ಎರಡು ತಿಂಗಳು ಹಿಡಿಯಿತು. ಪಿಸ್ಟನ್ನುಗಳು ಜಾಮ್ ಆಗಿದ್ದವು. ಪ್ಲಗ್ಗಿನ ತೂತುಗಳಿಂದ ಸೀಮೆಎಣ್ಣೆ ಮತ್ತು ಆಯಿಲ್ ಬೆರೆಸಿ ಸುರಿದು, ದಿನಾ ಬೆಳಿಗ್ಗೆ ಕಬ್ಬಿಣದ ಸಲಾಕೆ ಹಾಕಿ ಒಂದಿಷ್ಟು ಒತ್ತಿ ನೋಡುವುದು, ಅಲುಗದಿದ್ದರೆ ಬಿಡುವುದು. ಅವಸರ ಮಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅದು ಕೂದಲೆಳೆಯಷ್ಟು ಅಲುಗಿತು. ಆ ದಿನ ಅಪ್ಪ ನನ್ನ ಕೈಯಿಂದ ಶಿರಾ ಮಾಡಿಸಿಕೊಂಡು ತಿಂದ.

ಸೆಪ್ಟೆಂಬರಿನಲ್ಲಿ ಮೊಮ್ಮಗ ಸಾಹುಕಾರರಿಗೆ ಅಜ್ಜನ ಕಪಾಟಿನಲ್ಲಿ ಗಾಡಿಯ ಕೈಪಿಡಿ ಸಿಕ್ಕಿತು. ತೆಳ್ಳನೆಯ ಇಂಗ್ಲಿಷ್ ಪುಸ್ತಕ, ಅಂಚುಗಳನ್ನು ಗೆದ್ದಲು ತಿಂದಿತ್ತು. ಅಪ್ಪನಿಗೆ ಕನ್ನಡ, ಮರಾಠಿ, ಹಿಂದಿ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ಮಧ್ಯಾಹ್ನದ ಚಹಾದ ಹೊತ್ತಿಗೆ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನಾನು ದಿನಕ್ಕೆ ಎರಡು ಪುಟ ಓದಿ ಕನ್ನಡದಲ್ಲಿ ಹೇಳುವುದು, ಅವನು ತಲೆ ಆಡಿಸುವುದು. ಹೆಚ್ಚಿನದೆಲ್ಲ ಅವನಿಗೆ ಗೊತ್ತಿದ್ದದ್ದೇ. ಪುಸ್ತಕ ತನ್ನನ್ನು ನೋಡಿ ಬರೆದ ಹಾಗಿದೆ ಎನ್ನುವಂಥ ಮುಖ ಮಾಡಿಕೊಂಡು ಕೇಳುತ್ತಿದ್ದ.

ಆ ದಿನ ಕ್ಲಚ್ಚಿನ ಪುಟ ಬಂತು. ಈ ಗಾಡಿಯ ಕ್ಲಚ್ ಪ್ಲೇಟಿನಲ್ಲಿ ಸಾಲುಸಾಲಾಗಿ ತೂತುಗಳಿವೆ, ಪ್ರತಿ ತೂತಿನಲ್ಲೂ ಒಂದೊಂದು ಬೂಚು ಕೂರಿಸಿದೆ, ಬಾಟಲಿಗೆ ಹಾಕುವಂಥದೇ ಬೂಚು; ಅವು ಎಣ್ಣೆಯಲ್ಲಿ ನೆನೆದಿರಬೇಕು, ಒಳಗೆ ಯಾವಾಗಲೂ ಸ್ವಲ್ಪ ತೆಳು ಎಣ್ಣೆ ಇರಬೇಕು, ಒಣಗಿದರೆ ಬೂಚು ಸುಟ್ಟುಹೋಗುತ್ತದೆ ಎಂದು ಓದಿ ಹೇಳಿದೆ.

"ಇನ್ನೊಮ್ಮೆ ಓದು" ಎಂದ ಅಪ್ಪ.

ಓದಿದೆ.

"ಎಣ್ಣಿ ಇರಬಾರದು ಅಂತ ಬರದಾರೇನು?"

"ಇಲ್ಲಪ್ಪಾ. ಇರಬೇಕು ಅಂತ. ಇಲ್ಲಂದ್ರ ಸುಡತೈತಿ ಅಂತ."

ಅಪ್ಪ ಚಹಾದ ಗ್ಲಾಸು ಕೆಳಗಿಟ್ಟ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಒರೆಸುವುದು ಮುಗಿಯಲೇ ಇಲ್ಲ. ಏನಾಯಿತು ಎಂದು ನಾನು ಎರಡು ಸಲ ಕೇಳಿದ ಮೇಲೆ ಹೇಳಿದ.

ರಾಮಟೇಕಿಗೆ ಹೋಗುವ ಹಿಂದಿನ ವಾರ ಗಾಡಿ ಅಪ್ಪನ ಕೈಗೆ ಬಂದಿತ್ತು. ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದೆ ಎಂದು ಸಾಹುಕಾರರ ದೂರು. ಅಪ್ಪ ಬಿಚ್ಚಿ ನೋಡಿದರೆ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿತ್ತು. ಅವನು ಅದುವರೆಗೆ ನೋಡಿದ ಎಲ್ಲ ಗಾಡಿಗಳಲ್ಲೂ ಕ್ಲಚ್ಚಿಗೆ ಎಣ್ಣೆ ತಾಗಿತೆಂದರೆ ಕೆಟ್ಟಿತೆಂದೇ ಅರ್ಥ. ಎಂಜಿನ್ನಿನ ಎಣ್ಣೆ ಸೋರಿ ಒಳಗೆ ಬಂದಿದೆ ಎಂದುಕೊಂಡ. ಬೂಚುಗಳನ್ನು ಕಂಡು ಸ್ವಲ್ಪ ವಿಚಿತ್ರ ಅನ್ನಿಸಿತು, ಆದರೆ ಯಾರನ್ನೂ ಕೇಳಲಿಲ್ಲ. ಪೆಟ್ರೋಲಿನಲ್ಲಿ ಪ್ಲೇಟನ್ನು ಮೂರು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಹನಿ ಎಣ್ಣೆ ಇರದ ಹಾಗೆ ಒರೆಸಿ, ಹೊಸ ಸೀಲು ಹಾಕಿ ಕೂರಿಸಿದ. ಇಂಥ ಸ್ವಚ್ಛ ಕೆಲಸ ಇಡೀ ಗ್ಯಾರೇಜಿನಲ್ಲಿ ಯಾರೂ ಮಾಡಿಲ್ಲ ಎಂದು ಅಂದು ಗ್ಯಾರೇಜಿನ ಮಾಲೀಕನೇ ಬೆನ್ನು ತಟ್ಟಿದ್ದ. ಒಂದು ವಾರಕ್ಕೆ ರಾಮಟೇಕ್ ಗುಡ್ಡದ ಮೇಲೆ ಬೂಚುಗಳೆಲ್ಲ ಸುಟ್ಟು ಕರಿಯಾದವು.

ಇಷ್ಟಾದರೆ ಅದು ಗೊತ್ತಿಲ್ಲದೆ ಆದ ತಪ್ಪು. ಮುಂದೆ ಇನ್ನೊಂದಿತ್ತು. ಸುಟ್ಟ ಕ್ಲಚ್ಚನ್ನು ಮುಂದಿಟ್ಟು ಸಾಹುಕಾರರು, "ಮಿಸ್ತ್ರಿ, ಇದು ಹೇಗಾಯಿತು?" ಎಂದು ಕೇಳಿದ್ದು ನನ್ನ ಅಪ್ಪನನ್ನೇ. ಡ್ರೈವರ್ ಪಕ್ಕದಲ್ಲೇ ನಿಂತಿದ್ದರು. ತಮ್ಮ ಕಾಲು ಪೆಡಲಿನ ಮೇಲಿರಲಿಲ್ಲ ಎಂದು ಅವರು ಆಣೆ ಮಾಡಿ ಹೇಳುತ್ತಿದ್ದರು. ಅಪ್ಪ ಅವರ ಮುಖ ನೋಡದೆ, "ಕಾಲಿಟ್ಟು ಓಡಿಸದಿದ್ದರೆ ಕ್ಲಚ್ಚು ಹೀಗೆ ಸುಡುವುದಿಲ್ಲ" ಎಂದು ಹೇಳಿದ. ಆ ಒಂದು ಮಾತಿನ ಮೇಲೆ ಡ್ರೈವರರ ಕೆಲಸ ಹೋಯಿತು.

"ನಾ ಅಂದ ಮಾತಿಗೆ ಬೆಲೆ ಇತ್ತು. ಅದಕ್ಕ ಅಂವ ಹ್ವಾದ" ಎಂದ ಅಪ್ಪ.

ನನಗೆ ಆ ಕ್ಷಣ ನೆನಪಾದದ್ದು ಕರಿ ಬೂಟು. ಸೀಟಿನ ಬುಡಕ್ಕೆ ಸೇರಿಸಿ ಇಟ್ಟ ಎಡಗಾಲು. ನಾನು ಅದನ್ನು ಕಣ್ಣಾರೆ ಕಂಡವಳು, ಮನೆಗೆ ಬಂದು ಹೇಳಿದವಳು. ಒಂಬತ್ತು ವರ್ಷದ ಹುಡುಗಿಯ ಮಾತು ಯಾರಿಗೆ ಬೇಕಿತ್ತು. ಅಪ್ಪನಿಗೆ ಹೇಳಿದೆ. ಹೇಳಬಾರದಿತ್ತೇನೋ, ಆದರೆ ನಾನು ಬಾಯಿ ಬಿಗಿಹಿಡಿಯುವ ಪೈಕಿ ಅಲ್ಲ. ಅಪ್ಪ ಎದ್ದು ಕೈ ತೊಳೆಯಲು ಹೋದ. ಆ ದಿನ ಅವನ ಕೈಗೆ ಎಣ್ಣೆ ತಾಗಿರಲೇ ಇಲ್ಲ.

ಎರಡು ದಿನ ಶೆಡ್ಡಿನ ಬೀಗ ತೆಗೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ನನ್ನ ಮುಂದೆ ನಿಂತ.

"ಕ್ಲಚ್ಚ ಬರೋಬರ್ ಮಾಡತೇನಿ. ಗಾಡಿ ಮೊದಲ ಕಾಮಠಿಗೆ ಹೋಗಬೇಕು. ಅಂವನ ಮನಿ ಮುಂದ ನಿಲ್ಲಿಸಿ, ಸುಟ್ಟಾಂವ ನಾನ ಅಂತ ಹೇಳಬೇಕು."

ನಾನು ಬೇಡವೆಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅಪ್ಪನ ಹೆಸರಿಗೆ ಮಸಿ ಹತ್ತುವುದು ನನಗೆ ಬೇಡವಾಗಿತ್ತು. ಅವನ ಮಾತನ್ನೇ ಹೇಳಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು.

"ಈ ವಯಸ್ಸಿನಾಗ ಯಾಕ ಹೆಸರ ಕೆಡಿಸ್ಕೋತಿ ಅಪ್ಪಾ? ಸುಮ್ಮನ ಗಾಡಿ ಚಾಲೂ ಮಾಡಿ ಕೊಡು."

"ಅಂವನ ಹೆಸರ ಯಾವ ವಯಸ್ಸಿನಾಗ ಕೆಟ್ಟಿತ್ತು?" ಎಂದು ಕೇಳಿ ಅವನು ಶೆಡ್ಡಿಗೆ ಹೋದ.

ಡ್ರೈವರ್ ಇದ್ದಾರೋ ಇಲ್ಲವೋ ಯಾರಿಗೆ ಗೊತ್ತು. ನಾನೇ ಒಂದು ದಿನ ಬಸ್ಸು ಹತ್ತಿ ಕಾಮಠಿಗೆ ಹೋದೆ, ಕೈಮಗ್ಗದ ಹೊದಿಕೆ ಕೊಳ್ಳುವ ನೆಪ ಮಾಡಿಕೊಂಡು. ಅಂಗಡಿಯವನನ್ನು, ಹಿಂದೆ ಸಾಹುಕಾರರ ಹಸಿರು ಕಾರು ಓಡಿಸುತ್ತಿದ್ದ ಡ್ರೈವರ್ ಯಾರಾದರೂ ಗೊತ್ತೇ ಎಂದು ಹಿಂದಿಯಲ್ಲಿ ಕೇಳಿದೆ.

"ಯಾರು, ಕ್ಲಚ್‌ವಾಲೆ ಚಾಚಾನಾ?" ಎಂದ ಅವನು. "ಹಿಂದಿನ ಓಣಿ, ನೀಲಿ ಬಾಗಿಲು."

ಐವತ್ತು ವರ್ಷ. ಹೆತ್ತವರು ಇಟ್ಟ ಹೆಸರು ಓಣಿಗೆ ಮರೆತೇಹೋಗಿತ್ತು. ನಾನು ನೀಲಿ ಬಾಗಿಲಿನವರೆಗೆ ಹೋಗಿ ದೂರದಿಂದ ನೋಡಿದೆ. ಬೆಳ್ಳನೆಯ ಮುದುಕರು ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಪೇಪರ್ ಓದುತ್ತಿದ್ದರು, ಕನ್ನಡಕವಿಲ್ಲದೆ. ಮಾತಾಡಿಸುವ ಧೈರ್ಯ ಬರಲಿಲ್ಲ. ಮನೆಗೆ ಬಂದು ಅಪ್ಪನಿಗೆ ಆ ಅಡ್ಡಹೆಸರನ್ನೂ ಹೇಳಿದೆ, ಮತ್ತು ನಾನು ಬೇಡವೆಂದದ್ದು ತಪ್ಪು ಎಂದೂ ಹೇಳಿದೆ. ಬೇಗ ಮುಗಿಸು, ಅವರಿಗೂ ತೊಂಬತ್ತರ ಹತ್ತಿರ, ಎಂದೆ.

ಬೇಗ ಮುಗಿಸಲು ಬೂಚು ಬೇಕಲ್ಲ. ನೂರರ ಮೇಲೆ ಬೇಕು. ಗಾಂಧಿಬಾಗ್ ಪೇಟೆಯ ಓಣಿಗಳಲ್ಲಿ ಅತ್ತರಿನ ಬಾಟಲಿಗೆ, ಔಷಧದ ಬಾಟಲಿಗೆ ಬೂಚು ಮಾರುವ ಅಂಗಡಿಯೊಂದನ್ನು ಹುಡುಕಿ ಒಂದು ಚೀಲ ತಂದೆವು. ಕುದಿಸಿ ಮೆತ್ತಗೆ ಮಾಡಿಯೇ ತೂತಿಗೆ ಒತ್ತಬೇಕು ಎಂದು ಅಪ್ಪನ ಲೆಕ್ಕ. ಕುಕ್ಕರಿನಲ್ಲಿ ಕುದಿಸಿದೆ. ಬ್ಯಾಂಕಿಗೆ ಹೋಗಿ ಬಂದ ಯಜಮಾನರು ಬೇಳೆ ಎಂದುಕೊಂಡು ಮುಚ್ಚಳ ತೆಗೆದು, ಒಳಗೆ ಇಣುಕಿ, ಹಾಗೇ ಮುಚ್ಚಿ ಹೋದರು. ಆದರೆ ಆ ಬೂಚು ಪುಡಿಯನ್ನು ಅಂಟಿನಲ್ಲಿ ಕಲೆಸಿ ಮಾಡಿದ ಅಗ್ಗದ ಮಾಲು. ನೀರಿನಲ್ಲಿ ಬಿಚ್ಚಿ ರವೆಯಂತಾಯಿತು.

ಆಗ ನನ್ನ ತಲೆ ಓಡಿತು. ಇಷ್ಟು ಕಥೆಯಲ್ಲಿ ನನ್ನ ಪಾಲಿನ ಜಂಬ ಇದೊಂದೇ, ಆದ್ದರಿಂದ ಬಿಡದೆ ಹೇಳುತ್ತೇನೆ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ರಬ್ಬರು ಬರುವ ಮೊದಲು ಫ್ಲಾಸ್ಕುಗಳಿಗೆ ಅಸಲಿ ಬೂಚುಗಳಿದ್ದವು, ಮರದ ತೊಗಟೆಯಿಂದ ಕತ್ತರಿಸಿದ ಗಟ್ಟಿ ಮಾಲು. ಸ್ಟೋರಿನ ಅಟ್ಟದ ಮೇಲೆ ಎರಡು ಡಬ್ಬಿ ತುಂಬ ಇವೆ ಎಂದು ನನಗೆ ಗೊತ್ತಿತ್ತು, ಅಲ್ಲಿ ಇರಿಸಿದವಳೇ ನಾನು. ಪ್ರಿನ್ಸಿಪಾಲರಿಗೆ ಅರ್ಜಿ ಬರೆದು, ಕಾರಣದ ಜಾಗದಲ್ಲಿ ಇದ್ದದ್ದು ಇದ್ದ ಹಾಗೆ ಬರೆದು, ತಂದೆ. ಬೂಚಿಗೆ ತೂತು ಕೊರೆಯುವ ಹಿತ್ತಾಳೆಯ ಕೊಳವೆಯನ್ನೂ ತಂದೆ. ಮಕ್ಕಳಿಗೆ ಕಲಿಸಿ ಕಲಿಸಿ ಅದರಲ್ಲಿ ನನ್ನ ಕೈ ಪಳಗಿದೆ. ದೊಡ್ಡ ಬೂಚಿನ ಹೊಟ್ಟೆಯಿಂದ ಬೇಕಾದ ಅಳತೆಯ ತುಂಡನ್ನು ಒಂದೇ ತಿರುವಿಗೆ ತೆಗೆದು ಅಪ್ಪನ ಮುಂದಿಟ್ಟೆ. ಅವನು ಅದನ್ನು ಬೆರಳಲ್ಲಿ ಹೊರಳಿಸಿ ನೋಡಿದ.

"ಇಷ್ಟ ವರ್ಷ ಸಾಲ್ಯಾಗ ಇದನ್ನ ಮಾಡತಿದ್ದೇನು? ನಾ ಬರೇ ಹೇಳಿಕೊಡ್ತಿ ಅಂದ್ಕೊಂಡಿದ್ನಿ" ಎಂದ. ನಾನು ನಿವೃತ್ತಳಾದ ದಿನ ಹೊದಿಸಿದ ಶಾಲಿಗಿಂತ ಅದು ಹೆಚ್ಚು ಸಂತೋಷ ಕೊಟ್ಟಿತು.

ಹನ್ನೆರಡು ದಿನ ಅದೇ ಕೆಲಸ. ನಾನು ಕೊರೆಯುವುದು, ಕುದಿಸುವುದು. ಅವನು ಬಿಸಿ ಇರುವಾಗಲೇ ಒಂದೊಂದನ್ನೇ ತೂತಿಗೆ ಒತ್ತುವುದು. ಒಣಗಿದ ಮೇಲೆ ದಪ್ಪ ಗಾಜಿನ ಹಾಳೆಯ ಮೇಲೆ ಪಾಲಿಶ್ ಪೇಪರ್ ಹಾಸಿ, ಪ್ಲೇಟನ್ನು ಅದರ ಮೇಲೆ ತಿಕ್ಕಿ ತಿಕ್ಕಿ ಎಲ್ಲ ಬೂಚುಗಳ ತಲೆಯನ್ನೂ ಒಂದೇ ಮಟ್ಟಕ್ಕೆ ತಂದ. ಮಟ್ಟವನ್ನು ಅಳೆದದ್ದು ಕಣ್ಣು ಮುಚ್ಚಿ, ಬೆರಳ ತುದಿಯಿಂದ. ಆಮೇಲೆ ಒಂದು ರಾತ್ರಿ ಒಂದು ಹಗಲು ಎಣ್ಣೆಯಲ್ಲಿ ನೆನೆಸಿಟ್ಟ. ಕೂರಿಸುವ ದಿನ ಒಂದು ಚಹಾದ ಗ್ಲಾಸಿನಷ್ಟು ತೆಳು ಎಣ್ಣೆಯನ್ನು ಅಳೆದು, ನನ್ನಿಂದ ಆ ಪುಟವನ್ನು ಮತ್ತೆ ಓದಿಸಿ, ಒಳಗೆ ಸುರಿದ.

ನವೆಂಬರಿನ ಕೊನೆಗೆ ಗಾಡಿ ಎದ್ದಿತು. ಎಂಟೂ ಸಿಲಿಂಡರು ಒಟ್ಟಿಗೆ ಹತ್ತಿಕೊಂಡಾಗ ಶೆಡ್ಡಿನ ತಗಡು ಗುಂಯ್ ಅಂದಿತು. ಮೊಮ್ಮಗ ಸಾಹುಕಾರರು ಖಾರದ ರಸ ಸುರಿದ ಅವಲಕ್ಕಿ, ತರ್ರಿ ಪೋಹಾ, ಕಟ್ಟಿಸಿಕೊಂಡು ಓಡಿ ಬಂದರು. ಮುಂದಿನ ಭಾನುವಾರವೇ ಮೆರವಣಿಗೆ, ಪೇಪರಿನವರಿಗೆ ಹೇಳಿದ್ದೇನೆ, ಮೊದಲ ಸವಾರಿ ಅಲ್ಲೇ ಆಗಲಿ ಎಂದರು. ಅಪ್ಪ ಅವರನ್ನು ಕೂರಿಸಿ ಎಲ್ಲವನ್ನೂ ಹೇಳಿದ. ಅವರು ಪೋಹಾ ತಿನ್ನುವುದನ್ನು ನಿಲ್ಲಿಸಿ ಕೇಳಿದರು.

"ಕಾಕಾ, ಐವತ್ತು ವರ್ಷದ ಹಿಂದಿನ ಮಾತು. ಈಗ ಅದನ್ನು ಕೆದಕಿದರೆ ನಮ್ಮ ಅಜ್ಜನಿಗೂ ಕೆಟ್ಟ ಹೆಸರು" ಎಂದರು ಕೊನೆಗೆ.

"ನಿಮ್ಮ ಅಜ್ಜ ಕೇಳಿದ್ದು ಸರಿ ಇತ್ತು. ಉತ್ತರ ಕೊಟ್ಟವನು ತಪ್ಪಿದ" ಎಂದ ಅಪ್ಪ. "ಮೊದಲು ಕಾಮಠಿ. ಅದಾಗದಿದ್ದರೆ ಇವತ್ತೇ ಲಾರಿ ತರಿಸಿ ಗಾಡಿ ಒಯ್ಯಿರಿ, ಮೆರವಣಿಗೆಯಲ್ಲಿ ಕ್ಲಚ್ಚು ನೋಡಿಕೊಳ್ಳಲು ಬೇರೆಯವರನ್ನು ಹುಡುಕಿ." ಅಪ್ಪನ ಮರಾಠಿ ಸಿಟ್ಟಿನಲ್ಲೂ ಮೆತ್ತಗೆ ಕೇಳಿಸುತ್ತದೆ; ಆದರೆ ಅವರಿಗೆ ಅರ್ಥವಾಯಿತು.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಹೊರಟೆವು. ಮೊಮ್ಮಗ ಸಾಹುಕಾರರೇ ಓಡಿಸಿದರು, ಪಕ್ಕದಲ್ಲಿ ಅಪ್ಪ, ಹಿಂದೆ ನಾನು. ಕಾಮಠಿಯ ಓಣಿ ಕಿರಿದು, ಗಾಡಿ ಅಗಲ. ಜನರೇ ಗೋಡೆಗೆ ಸರಿದು ದಾರಿ ಬಿಟ್ಟರು. ನೀಲಿ ಬಾಗಿಲಿನ ಮುಂದೆ ನಿಂತಾಗ ಮುದುಕರು ಪೇಪರ್ ಮಡಿಸಿ ಎದ್ದು ನಿಂತರು. ಗಾಡಿಯನ್ನು ನೋಡಿದರು, ನಮ್ಮನ್ನು ನೋಡಲಿಲ್ಲ. ಹತ್ತಿರ ಬಂದು ಮಡ್‌ಗಾರ್ಡಿನ ಮೇಲಿದ್ದ ಒಂದು ಹಳೆಯ ಗೀರನ್ನು ಬೆರಳಿನಿಂದ ಮುಟ್ಟಿದರು.

ಅಪ್ಪ ಕೆಳಗಿಳಿದು ಕೈ ಮುಗಿದ. ಅವನ ಹಿಂದಿ ಅರವತ್ತು ವರ್ಷವಾದರೂ ಹುಬ್ಬಳ್ಳಿಯದೇ. ಆ ಹಿಂದಿಯಲ್ಲೇ ಹೇಳಿದ. "ನಾನು ಆ ಗ್ಯಾರೇಜಿನ ಮಿಸ್ತ್ರಿ. ಕ್ಲಚ್ಚು ಸುಟ್ಟದ್ದು ನಿಮ್ಮ ಕಾಲಿನಿಂದಲ್ಲ, ನನ್ನ ಕೈಯಿಂದ. ಅದಕ್ಕೆ ಎಣ್ಣೆ ಬೇಕಿತ್ತು. ನಾನು ತೊಳೆದು ಒಣಗಿಸಿದೆ. ಆಮೇಲೆ ತಪ್ಪನ್ನು ನಿಮ್ಮ ಮೇಲೆ ಹಾಕಿದ್ದೂ ನನ್ನ ಬಾಯೇ."

ಮುದುಕರು ಗೀರಿನ ಮೇಲಿನ ಬೆರಳು ತೆಗೆದು ಅಪ್ಪನ ಕಡೆ ತಿರುಗಿದರು.

"ಎಷ್ಟು ಎಣ್ಣೆ ಬೇಕಿತ್ತು?" ಎಂದು ಕೇಳಿದರು.

"ಒಂದು ಚಹಾದ ಗ್ಲಾಸು."

"ಒಂದು ಚಹಾದ ಗ್ಲಾಸು" ಎಂದು ಅವರೂ ಹೇಳಿಕೊಂಡರು. ಆಮೇಲೆ ಅಂದರು, "ಮಿಸ್ತ್ರಿ, ನನ್ನ ಕಿವಿ ಚೆನ್ನಾಗಿದೆ. ನನಗೆ ಕೇಳಿಸಿತು. ಓಣಿಗೆ ಕೇಳಿಸಿಲ್ಲ."

ಅಪ್ಪನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದು, ಮಂಡಿನೋವಿನ ಕಾಲನ್ನು ಎತ್ತಿ, ಗಾಡಿಯ ಪಕ್ಕದ ಫುಟ್‌ಬೋರ್ಡಿನ ಮೇಲೆ ಹತ್ತಿ ನಿಂತ. ನಾನು ಹಿಡಿಯಲು ಕೈ ಚಾಚಿದರೆ ತಳ್ಳಿದ. ಮಗ್ಗದ ಸದ್ದು ನಿಂತು ಜನ ಬಾಗಿಲುಗಳಿಗೆ ಬಂದರು. ಅಪ್ಪ ಅದೇ ಮಾತನ್ನು, ಒಂದು ಶಬ್ದ ಕಡಿಮೆ ಮಾಡದೆ, ರೈಲ್ವೆ ವರ್ಕ್‌ಶಾಪಿನ ಗದ್ದಲದ ಮೇಲೆ ಕೂಗಿ ರೂಢಿಯಾದ ದನಿಯಲ್ಲಿ ಹೇಳಿದ. ಇವರು ನಾಗಪುರದ ಎಲ್ಲರಿಗಿಂತ ಚಲೋ ಡ್ರೈವರ್, ಕ್ಲಚ್ಚು ಸುಟ್ಟವನು ನಾನು, ಇನ್ನು ಮುಂದೆ ಆ ಹೆಸರು ಕರೆಯುವುದಿದ್ದರೆ ನನ್ನನ್ನು ಕರೆಯಿರಿ, ಎಂದ. ಇಸ್ತ್ರಿ ಮಾಡಿದ ಖಾಕಿ ಅಂಗಿ, ನೆಟ್ಟಗಿನ ಬೆನ್ನು. ಅಪ್ಪನ ಬಗ್ಗೆ ನನಗೆ ಹೆಮ್ಮೆ ಯಾವತ್ತೂ ಇತ್ತು, ಆದರೆ ಅಲ್ಲಿಯವರೆಗೆ ಅದು ಅವನು ಮಾಡದ ತಪ್ಪುಗಳ ಮೇಲಿನ ಹೆಮ್ಮೆ. ಅಂದು ಆದದ್ದು ಬೇರೆ. ನಾನು ಕಣ್ಣೊರೆಸಿಕೊಂಡೆ, ಯಾರು ನೋಡಿದರೂ ನೋಡಲಿ ಎಂದು.

ಮೊಮ್ಮಗ ಸಾಹುಕಾರರು ಇಳಿದು ಬಂದು, ಕೀಲಿಯನ್ನು ಮುದುಕರ ಅಂಗೈಯಲ್ಲಿಟ್ಟರು.

"ತಡೆಯಿರಿ" ಎಂದು ಅವರು ಒಳಗೆ ಹೋದರು. ತಿರುಗಿ ಬಂದಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕರಿ ಬೂಟುಗಳಿದ್ದವು. ಎಲ್ಲಿ ಎತ್ತಿಟ್ಟಿದ್ದರೋ, ಆಗಾಗ ಪಾಲಿಶ್ ಕಂಡ ಬೂಟುಗಳು. ಸ್ಟೇರಿಂಗಿನ ಹಿಂದೆ ಕುಳಿತು, ಸೀಟನ್ನು ಸರಿಮಾಡಿಕೊಂಡು, ಗಾಡಿಯನ್ನು ಓಣಿಯಿಂದ ಹಿಮ್ಮುಖವಾಗಿ ಒಂದೇ ಸಲಕ್ಕೆ ಹೊರತೆಗೆದರು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತಿದ್ದ ಮೊಮ್ಮಗ ಸಾಹುಕಾರರು ಮಾತ್ರ ಉಸಿರು ಬಿಗಿಹಿಡಿದಿದ್ದರು.

ಕಂಟೋನ್ಮೆಂಟಿನ ಕಡೆಗೆ ನೇರವಾದ ಖಾಲಿ ರಸ್ತೆ ಇದೆ, ಎರಡೂ ಬದಿಗೆ ಮರಗಳು. ಅಲ್ಲಿಗೆ ಬಂದ ಮೇಲೆ ಅವರು ಎರಡನೆಯ ಗೇರು ಹಾಕಿದರು, ಮೂರನೆಯದು ಹಾಕಿದರು, ಬಲಗಾಲನ್ನು ಒತ್ತಿದರು. ಎಂಬತ್ತು ದಾಟಿದ ಇಬ್ಬರನ್ನೂ ತೊಂಬತ್ತು ದಾಟಿದ ಆ ಗಾಡಿ ಸೀಟಿಗೆ ಒತ್ತಿ ಕೂರಿಸಿತು. ಅಪ್ಪ ಕಥೆಯಲ್ಲಿ ಹೇಳುತ್ತಿದ್ದ ವೇಗ ಸುಳ್ಳಾಗಿರಲಿಲ್ಲ. ಕ್ಲಚ್ಚು ಎಲ್ಲೂ ಜಾರಲಿಲ್ಲ, ವಾಸನೆ ಬರಲಿಲ್ಲ. ನಾನು ಒಂಬತ್ತು ವರ್ಷದವಳಾಗಿದ್ದಾಗ ಕಾಣದೆ ಉಳಿದಿದ್ದ ರಸ್ತೆ ಈಗ ಪೂರ್ತಿ ಕಾಣುತ್ತಿತ್ತು.

"ಮಿಸ್ತ್ರಿ" ಎಂದರು ಅವರು, ಕಣ್ಣು ರಸ್ತೆಯ ಮೇಲಿಟ್ಟೇ. "ಕೆಳಗೆ ನೋಡಿ."

ಅಪ್ಪ ಬಗ್ಗಿದ. ನಾನೂ ಹಿಂದಿನಿಂದ ಎದ್ದು ಇಬ್ಬರ ಭುಜಗಳ ನಡುವೆ ಇಣುಕಿದೆ. ಬಲಗಾಲು ಪೆಡಲಿನ ಮೇಲಿತ್ತು. ಎಡಗಾಲಿನ ಬೂಟು ಪೆಡಲಿನಿಂದ ದೂರ, ಹಿಂದೆ, ಸೀಟಿನ ಬುಡಕ್ಕೆ ಸೇರಿಕೊಂಡು ಕುಳಿತಿತ್ತು.

ಅಪ್ಪ ಮೇಲೆದ್ದಾಗ ಅವನಿಗೆ ಹಿಂದಿ ಮರೆತುಹೋಗಿತ್ತು.

"ಬರೋಬರ್ ಐತ್ರಿ" ಎಂದ. "ಮೊದಲಿಂದನೂ ಬರೋಬರ್ ಇತ್ತು."